ತೆರೆಯದ ಆನೆ

ಬ್ಯಾಡಗಿ
೩ ಫೆಬ್ರುವರಿ ೨೦೨೫

ಸಾಜಿಯಾಳಿಗೆ,

ನನ್ನ ಕೈಯಿಂದ ಪತ್ರ ಬರೆಸುತ್ತೀಯಲ್ಲ, ನಿನಗೆ ಒಳ್ಳೆಯದಾಗಲಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಆಮೇಲೆ ಪೆನ್ನು ಹಿಡಿದದ್ದು ಬ್ಲೌಸಿನ ಅಳತೆ ಬರೆಯಲು, ಬಿಟ್ಟರೆ ಸಹಿ ಮಾಡಲು. ಫೋನು ಇದೆ, ನನಗೆ ಬಾಯಿ ಇದೆ, ನಿನಗೆ ಕಿವಿ ಇದೆ. ಆದರೂ ಫೋನು ಮಾಡಿದಾಗಲೆಲ್ಲ ಕಟ್ ಮಾಡಿ, ಬಸ್ ಕಂಡಕ್ಟರ್ ಹಾಲೇಶಪ್ಪನ ಕೂಡ ಹೇಳಿಕಳಿಸುತ್ತೀ: "ಶೇಖಕ್ಕಗ ಬರದು ಕಳಸಂತ ಹೇಳ್ರಿ. ಬರಿಯೂಮುಂದ ಒದರಾಕ ಬರಂಗಿಲ್ಲ." ಹಾಲೇಶಪ್ಪ ಇದನ್ನು ಬಸ್ಸಿನ ಬಾಗಿಲಲ್ಲಿ ನಿಂತು, ಮೆಣಸಿನಕಾಯಿ ಮಾರ್ಕೆಟ್ಟಿಗೆ ಇಳಿದ ಮಂದಿಯೆಲ್ಲ ಕೇಳುವಂತೆ ಹೇಳಿದ. ಎಲ್ಲರೂ ನಕ್ಕರು. ನೆನಪಿಟ್ಟುಕೋ.

ಹಾವೇರಿಗೆ ನಾನೇ ಬರಬಹುದಿತ್ತು. ಬರುವುದಿಲ್ಲ. ಹನ್ನೊಂದು ವರ್ಷ ನನ್ನ ಅಂಗಡಿಯಲ್ಲಿ ಕೂತು ಒಂದು ಮಾತೂ ಹೇಳದೆ ಎದ್ದು ಹೋದವಳ ಅಂಗಡಿಯ ಮೆಟ್ಟಿಲು ಹತ್ತುವ ಗತಿ ನನಗಿನ್ನೂ ಬಂದಿಲ್ಲ.

ವಿಷಯ ಇದು. ಹಳೆಯ ಕಸೂತಿ ಮಷಿನ್ನು ಸಂಕ್ರಾಂತಿಯ ಹೊತ್ತಿಗೆ ಪೂರ್ತಿ ಕೆಟ್ಟಿತು. ಹೊಸದು ತಂದೆ. ನೀನು ಕಂಪ್ಯೂಟರಿನಲ್ಲಿ ಬಳಸುತ್ತಿದ್ದ ಡಿಸೈನ್ ಪ್ರೋಗ್ರಾಮಿನ ಮಾತನ್ನು ಈ ಹೊಸ ಮಷಿನ್ನು ಕೇಳುವುದಿಲ್ಲವಂತೆ. ಪ್ರೋಗ್ರಾಮೂ ಹೊಸದೇ ಬೇಕಂತೆ. ರಾಣೆಬೆನ್ನೂರಿನಿಂದ ರಿಪೇರಿಯ ಮಾಂತೇಶ ಬಂದ. ಮೊದಲು ಹಳೆಯ ಪ್ರೋಗ್ರಾಮನ್ನು ಕಿತ್ತುಹಾಕಿದ. ಆಮೇಲೆ ಹೊಸದನ್ನು ಹಾಕಲು ಹೋದರೆ ಹಸಿರು ಪಟ್ಟಿ ಅರ್ಧ ತುಂಬಿ ನಿಂತುಬಿಡುತ್ತದೆ. ಹಳೆಯದನ್ನೇ ವಾಪಸ್ ಹಾಕು ಎಂದೆ. ಅದೂ ಅಲ್ಲಿಯೇ ನಿಂತಿತು.

ನಿಂತಾಗ ಬರುವ ಇಂಗ್ಲಿಷ್ ಸಾಲನ್ನು ಕಸೂತಿಯ ಚೌಕದ ಕಾಗದದಲ್ಲಿ, ಒಂದು ಚೌಕಕ್ಕೆ ಒಂದು ಅಕ್ಷರದಂತೆ ಇಳಿಸಿ ಇದರ ಜೊತೆ ಇಟ್ಟಿದ್ದೇನೆ. ನನಗೆ ತಿಳಿದದ್ದು ನಂಬರ್ ಮಾತ್ರ: ೨೭೩೮. ಮಾಂತೇಶ ಓದಿ ಹೇಳಿದ, ವಿಬಿಸ್ಕ್ರಿಪ್ಟ್ ಎನ್ನುವುದೊಂದು ಕೈಗೆ ಸಿಗುತ್ತಿಲ್ಲವಂತೆ. "ಹೋಗೂಮುಂದ ಏನರ ಕೀಲಿ ಹಾಕಿ ಹೋಗಿರಬೇಕ್ರಿ ಆಕಿ" ಎಂದ. ನನಗೂ ಹಾಗೇ ಅನ್ನಿಸುತ್ತದೆ.

ನಮ್ಮವ್ವ ಬಿಟ್ಟುಹೋದದ್ದು ನಲವತ್ತು ಕಸೂತಿ ನಮೂನೆ. ಅವಳು ಹಾಕಿದ ಬಟ್ಟೆಯನ್ನೂ ನಾನು ಇಳಿಸಿಕೊಂಡಿದ್ದ ಕಾಗದಗಳನ್ನೂ ಗೆದ್ದಲು ತಿಂದದ್ದು ನಿನ್ನ ಕಣ್ಣೆದುರಿಗೇ. ನನ್ನ ಕಣ್ಣಿಗೆ ಈಗ ಎಳೆ ಎಣಿಸಲು ಆಗುವುದಿಲ್ಲ. ಗೋಪುರ, ತುಳಸಿಕಟ್ಟೆ, ನವಿಲು, ಆನೆ ಎಲ್ಲ ಈಗ ಈ ಕಂಪ್ಯೂಟರಿನ ಪೆಟ್ಟಿಗೆಯಲ್ಲಲ್ಲದೆ ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲ. ಆ ಪ್ರೋಗ್ರಾಮ್ ಇಲ್ಲದೆ ಅವು ತೆರೆಯುವುದಿಲ್ಲ. ನೀನು ಕೊಟ್ಟ ನಂಬರ್‌ಗಳಷ್ಟೇ ಸಾಲಾಗಿ ಕಾಣುತ್ತವೆ.

ಇನ್ನೊಂದು. ನಂಬರ್ ನಲವತ್ತಕ್ಕೆ ಮುಗಿಯಬೇಕು. ಇಲ್ಲಿ ನಲವತ್ತೊಂದು ಇದೆ. ಅದೇನು? ಅದೇ ನಿನ್ನ ಕೀಲಿಯೇ?

ತೆಗೆ ಅದನ್ನು.

ಶೇಖವ್ವ


ಬ್ಯಾಡಗಿ
೧೧ ಫೆಬ್ರುವರಿ

ಸಾಜಿಯಾಳಿಗೆ,

ಎರಡು ಪುಟ ಬರೆದವಳಿಗೆ ಐದು ಸಾಲು ಉತ್ತರ. ಆಗಲಿ.

ಕೀಲಿ ಹಾಕಿಲ್ಲ ಎನ್ನುತ್ತೀ. ಕೀಲಿ ಹಾಕಿದವರು ಯಾರಾದರೂ ಹಾಕಿದ್ದೇನೆ ಎಂದು ಹೇಳಿದ್ದುಂಟೇ? ನಲವತ್ತೊಂದು ಏನೆಂದು ಕೇಳಿದರೆ "ತೆರದಾಗ ನೋಡ್ರಿ" ಎಂದು ಬರೆಯುತ್ತೀ. ಇಂಥ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ.

ನೀನು ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಹೀಗೆ: ಪ್ರೋಗ್ರಾಮ್ ಹಾಕುವಾಗ ಕಂಪ್ಯೂಟರು ವಿಬಿಸ್ಕ್ರಿಪ್ಟ್ ಎಂಬ ಕೆಲಸದವನನ್ನು ಕರೆಯುತ್ತದೆ. ಅವನು ಒಳಗೇ ಇದ್ದಾನೆ, ಸತ್ತಿಲ್ಲ, ಓಡಿಹೋಗಿಲ್ಲ. ಆದರೆ ಯಾರು ಯಾವ ಕೋಣೆಯಲ್ಲಿದ್ದಾರೆ ಎಂದು ಬರೆದಿಡುವ ದಫ್ತರಿನಲ್ಲಿ ಅವನ ನೋಂದಣಿ ತಪ್ಪಿದೆ. ಅದಕ್ಕೆ ಕರೆದರೆ ಸಿಗುವುದಿಲ್ಲ. ಕಂಪ್ಯೂಟರಿಗೆ ಅಪ್ಪಣೆ ಬರೆದುಕೊಡುವ ಕಪ್ಪು ಕಿಟಕಿ ತೆರೆದು ನೀನು ಬರೆದುಕೊಟ್ಟ ಸಾಲು ಹೊಡೆದರೆ ಮತ್ತೆ ನೋಂದಣಿ ಆಗುತ್ತದೆ.

ಮಾಂತೇಶ ಹೊಡೆದ. ಆಗಲಿಲ್ಲ. ನಿಮಗೆ ಅಧಿಕಾರ ಇಲ್ಲ ಎಂದು ಬಂತು. ನನ್ನ ಅಂಗಡಿ, ನನ್ನ ಪೆಟ್ಟಿಗೆ, ಲೈಟ್ ಬಿಲ್ಲು ಕಟ್ಟುವವಳು ನಾನು. ನನಗೇ ಅಧಿಕಾರ ಇಲ್ಲವೆಂದರೆ ಅಧಿಕಾರ ಯಾರ ಕೈಯಲ್ಲಿದೆ? ಹಾವೇರಿಯಲ್ಲಿದೆಯೇ?

ಕೊನೆಯ ಸಾಲಿನಲ್ಲಿ "ಕ್ಯಾಮೆರಾ ಇನ್ನೂ ಐತೇನು" ಎಂದು ಕೇಳಿದ್ದೀ. ಇದೆ. ಯಾಕೆ ಇರಬಾರದು? ಅದನ್ನು ಹಾಕಿಸಿದ್ದು ಕಳ್ಳರಿಗಾಗಿ, ನಿನಗಾಗಿ ಅಲ್ಲ. ಬಾಗಿಲ ಕಡೆ ತಿರುಗಿಸಿದರೆ ಬಿಸಿಲು ಬಿದ್ದು ಏನೂ ಕಾಣುವುದಿಲ್ಲ ಎಂದು ಮಾಂತೇಶ ಹೇಳಿದ, ಒಳಗೆ ತಿರುಗಿಸಿದೆವು. ಒಳಗೆ ನಿನ್ನ ಕುರ್ಚಿ ಇತ್ತು. ಕುರ್ಚಿ ಬೇರೆಲ್ಲಿ ಇಡಬೇಕಿತ್ತು? ನೀನು ಹಾಕಿದ ಒಂದೊಂದು ಬಟ್ಟೆಯನ್ನೂ ಮಗುಚಿ ಹಿಂಬದಿ ನೋಡಿದವಳು ನಾನು, ಆಗ ಬೇಜಾರು ಮಾಡಿಕೊಳ್ಳಲಿಲ್ಲವಲ್ಲ. ಕಸೂತಿಯಲ್ಲಿ ಗಂಟು ಇರಬಾರದು, ಹಿಂದೆ ಮುಂದೆ ಒಂದೇ ಸಮ ಕಾಣಬೇಕು. ಮಗುಚಿ ನೋಡದೆ ಅದು ತಿಳಿಯುವುದು ಹೇಗೆ?

ಅಧಿಕಾರದ ವಿಷಯಕ್ಕೆ ಉತ್ತರ ಕೊಡು.

ಶೇಖವ್ವ


ಬ್ಯಾಡಗಿ
೨೦ ಫೆಬ್ರುವರಿ

ಸಾಜಿಯಾಳಿಗೆ,

ಹೌದು, ನೀನು ಹೇಳಿದಂತೆ ಕಪ್ಪು ಕಿಟಕಿಯ ಮೇಲೆ ಮೌಸಿನ ಬಲಗಡೆಯ ಗುಂಡಿ ಒತ್ತಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕಿತ್ತಂತೆ. ಮಾಂತೇಶ ಹಾಗೆ ತೆರೆದಿರಲಿಲ್ಲ. ಈ ಸಲ ತೆರೆದ. ಸಾಲು ಹೊಡೆದ. "ಸಕ್ಸೀಡೆಡ್" ಎಂದು ಬಂತು. ಮಾಂತೇಶ ಕುರ್ಚಿಯಿಂದ ಎದ್ದೇ ನಿಂತ.

ಮತ್ತೆ ಪ್ರೋಗ್ರಾಮ್ ಹಾಕಿದೆವು. ಹಸಿರು ಪಟ್ಟಿ. ಅರ್ಧ. ೨೭೩೮.

ಏನು ತಮಾಷೆ ಇದು? ಆಯಿತು ಎಂದೂ ಹೇಳುತ್ತದೆ, ಆಗಲಿಲ್ಲ ಎಂದೂ ಹೇಳುತ್ತದೆ. ನೀನು ಬರೆದುಕೊಟ್ಟ ಸಾಲೇ ಸುಳ್ಳಿರಬೇಕು. ನಾನು ಇನ್ನಷ್ಟು ಬರೆಯಲಿ, ಹಾಲೇಶಪ್ಪ ಬಸ್ಸಿನ ಬಾಗಿಲಲ್ಲಿ ಇನ್ನಷ್ಟು ನಗಲಿ ಎಂದು ನಿನ್ನ ಲೆಕ್ಕ.

ಮಾಂತೇಶ ಅಂದ, "ಆ ನಲವತ್ತೊಂದ ತಗದು ಒಗೀತೇನ್ರಿ, ವೈರಸ್ ಇರಬೇಕದು. ಅವ್ರ ಮಂದಿನ್ನ ನಂಬಬಾರದಿತ್ರಿ ನೀವು."

ನಾನಂದೆ, "ಯಾವ ಮಂದಿ ಅಂತಿ? ನಾ ಯಾರ್ನೂ ನಂಬಂಗಿಲ್ಲ. ನಿನ್ನ ಮಂದಿನ್ನೂ ನಂಬಂಗಿಲ್ಲ, ನನ್ನ ಮಂದಿನ್ನೂ ನಂಬಂಗಿಲ್ಲ. ಕೈ ತಗಿ ಅದರ ಮ್ಯಾಲಿಂದ."

ನಲವತ್ತೊಂದನ್ನು ಮುಟ್ಟಗೊಡಲಿಲ್ಲ. ಮುಟ್ಟಿದರೆ ಉಳಿದ ನಲವತ್ತೂ ಹೋಗುವಂತೆ ನೀನು ಮಾಡಿಟ್ಟಿದ್ದರೆ?

ಈಗ ಅವಸರ ಯಾಕೆಂದು ಹೇಳುತ್ತೇನೆ. ನಿಮ್ಮ ಹಾವೇರಿಯ ಕಾಶೀಬಾಯಿ ಬಂದಿದ್ದರು. ಮೊಮ್ಮಗಳು ಪದ್ಮಜಾಳ ಮದುವೆ. ಇಳಕಲ್ ಸೀರೆಯ ಸೆರಗಿಗೆ ಆನೆಯೇ ಬೇಕಂತೆ. ಅವರ ಮದುವೆಯ ಸೀರೆಗೆ ನಮ್ಮವ್ವ ಕೈಯಿಂದ ಆನೆ ಹಾಕಿಕೊಟ್ಟಿದ್ದಳು. ಆ ಸೀರೆ ಎಂದೋ ಜೀರ್ಣವಾಗಿ ಹೋಯಿತು, ಆದರೆ ಮುದುಕಿಯ ಮನಸ್ಸಿನಲ್ಲಿ ಆನೆ ಹಾಗೇ ಇದೆ. ನನ್ನ ಮುಖಕ್ಕೇ ಅಂದರು: "ನಿಮ್ಮವ್ವ ಹಾಕಿದ್ದ ಆನೀನ ಬೇಕು ನೋಡವಾ. ನಿನ್ನ ಆನಿ ಛಲೋನ ಅದ, ಇಲ್ಲನ್ನಂಗಿಲ್ಲ. ಆದರ ನಿಂತಬಿಟ್ಟದ ಅದು."

ನಿಂತುಬಿಟ್ಟಿದೆ ಎಂದರೆ ಏನು? ಅವ್ವನ ಆನೆಯೇ ನನ್ನ ಆನೆ. ನಾನೇ ಎಣಿಸಿ ಇಳಿಸಿದ್ದು. ವಯಸ್ಸಾದವರು ಏನೋ ಮಾತಾಡುತ್ತಾರೆ ಎಂದುಕೊಂಡೆ. ಹೂಂ ಎಂದು ಒಪ್ಪಿಕೊಂಡುಬಿಟ್ಟೆ. ಈಗ ನಿಂತ ಆನೆಯೂ ಇಲ್ಲ, ಕೂತ ಆನೆಯೂ ಇಲ್ಲ.

ಲಗೂ ಬರೆ.

ಶೇಖವ್ವ


ಬ್ಯಾಡಗಿ
೭ ಮಾರ್ಚ್

ಸಾಜಿಯಾ,

ಉತ್ತರ ಇಲ್ಲ. ಹಾಲೇಶಪ್ಪನನ್ನು ಕೇಳಿದರೆ "ರೋಜಾ ಹಿಡದಾರ್ರಿ, ದಣಿದಿರತಾರ" ಎಂದ. ಇಷ್ಟು ವರ್ಷ ರೋಜಾ ಹಿಡಿದುಕೊಂಡೇ ನನ್ನ ಅಂಗಡಿಯಲ್ಲಿ ಸಂಜೆತನಕ ಕೆಲಸ ಮಾಡಿದ್ದೀ. ಆಗ ದಣಿಯದವಳು ಈಗ ನಾಲ್ಕು ಸಾಲು ಬರೆಯಲು ದಣಿದೆಯಾ?

ಇಲ್ಲ, ನೀನು ದಣಿದಿಲ್ಲ. ಏನೋ ಲೆಕ್ಕ ಹಾಕುತ್ತಿದ್ದೀ.

ಶೇಖವ್ವ


ಬ್ಯಾಡಗಿ
೧೪ ಮಾರ್ಚ್

ಸಾಜಿಯಾಳಿಗೆ,

ಬಂತು ನಿನ್ನ ಕಾಗದ. ಉತ್ತರ ಕೇಳಿದರೆ ನನಗೇ ಪ್ರಶ್ನೆ. "ನಾ ಹೋದ ಮ್ಯಾಲೆ ಪೆಟ್ಟಿಗ್ಯಾಗಿಂದ ಏನೇನು ತಗಸೀರಿ? ಖರೇ ಹೇಳ್ರಿ." ನಾನೇನು ಪೊಲೀಸ್ ಸ್ಟೇಷನ್ನಿನಲ್ಲಿ ನಿಂತಿದ್ದೇನೆಯೇ?

ಹೇಳುತ್ತೇನೆ. ನನಗೇನು ಅಂಜಿಕೆ ಇಲ್ಲ. ನೀನು ಹೋದ ಮರುದಿನವೇ ಮಾಂತೇಶನನ್ನು ಕರೆಸಿದೆ. ಸಾಜಿಯಾ ಹಾಕಿದ್ದು ಏನೇನಿದೆಯೋ ಡಿಸೈನ್ ಪ್ರೋಗ್ರಾಮ್ ಒಂದನ್ನು ಬಿಟ್ಟು ಎಲ್ಲ ತೆಗೆ ಎಂದೆ. ಹೇಳದೆ ಹೋದವಳ ಸಾಮಾನು ಮನೆಯಲ್ಲಿ ಯಾಕಿರಬೇಕು? ನಾಳೆ ಹಾವೇರಿಯಲ್ಲಿ ಕೂತುಕೊಂಡೇ ನನ್ನ ಪೆಟ್ಟಿಗೆಯೊಳಗೆ ಇಣುಕಿದರೆ? ತೆರೆಯ ಮೇಲೆ ನೀನು ಇಟ್ಟ ದೇವಸ್ಥಾನ, ಗುಡ್ಡದ ಚಿತ್ರ ತೆಗೆದ. ಹಾಡು ತೆಗೆದ. ಒಮ್ಮೆ ಯಾರದೋ ಪೆನ್‌ಡ್ರೈವಿನಿಂದ ವೈರಸ್ ಬಂದಾಗ ನೀನು ಹಾಕಿದ್ದೆಯಲ್ಲ, ಮೂಲೆಯಲ್ಲಿ ಕೆಂಪು ಗುರುತಿನ ಆಂಟಿವೈರಸ್, ಅದನ್ನೂ ತೆಗೆದ. ಅದೇ ಮೊದಲು ಹೋಗಬೇಕಾದದ್ದು ಎಂದೆ ನಾನು. ಎಲ್ಲದರೊಳಗೂ ಮೂಗು ತೂರಿಸುವುದು ಅದರ ಕೆಲಸ ಎಂದು ನೀನೇ ಹೇಳಿದ್ದೆ.

ಇಷ್ಟೇ. ಇದಕ್ಕೂ ೨೭೩೮ಕ್ಕೂ ಏನು ಸಂಬಂಧ? ನನ್ನ ತಲೆಗೆ ಕಟ್ಟಲು ದಾರಿ ಹುಡುಕುತ್ತಿದ್ದರೆ ಬೇರೆ ದಾರಿ ಹುಡುಕು.

ಕಾಶೀಬಾಯಿ ಮತ್ತೆ ಫೋನು ಮಾಡಿದ್ದರು. ಆನೆ ಎಲ್ಲಿಗೆ ಬಂತು ಎಂದರು. ದಾರಿಯಲ್ಲಿದೆ ಎಂದೆ.

ಶೇಖವ್ವ


ಬ್ಯಾಡಗಿ
೨೪ ಮಾರ್ಚ್

ಸಾಜಿಯಾಳಿಗೆ,

ನಿನ್ನ ಪತ್ರ ಮೂರು ಸಲ ಓದಿದೆ. ಮೊದಲ ಸಲ ಸಿಟ್ಟಿನಲ್ಲಿ. ಎರಡನೆಯ ಸಲ ತಿಳಿಯಲಿಕ್ಕೆ. ಮೂರನೆಯ ಸಲ ಮಾಂತೇಶನಿಗೆ ಓದಿ ಹೇಳಿದೆ, ಅವನ ಮುಖ ನೋಡುತ್ತ.

ತಿಳಿದದ್ದು ಸರಿ ಇದೆಯೋ ನೋಡು. ನೋಂದಣಿಯ ದಫ್ತರು ಒಂದಲ್ಲ, ಎರಡು. ಒಂದು ಇಡೀ ಪೆಟ್ಟಿಗೆಯದು, ಇನ್ನೊಂದು ಅದನ್ನು ಬಳಸುವವರ ಖಾಸಗಿಯದು. ಕೆಂಪು ಗುರುತಿನ ಆಂಟಿವೈರಸ್ ತಾನು ಇರುವಷ್ಟು ದಿನ ವಿಬಿಸ್ಕ್ರಿಪ್ಟ್‌ನನ್ನು ಯಾರು ಕರೆದರೂ ಮೊದಲು ತನ್ನ ಹತ್ತಿರ ಬರಲಿ ಎಂದು, ಖಾಸಗಿ ದಫ್ತರಿನಲ್ಲಿ ಅವನ ಹೆಸರಿನ ಮುಂದೆ ತನ್ನ ವಿಳಾಸ ಬರೆದುಕೊಂಡಿತ್ತು. ಬಾಗಿಲಲ್ಲಿ ಕೂತ ಕಾವಲುಗಾರನ ಹಾಗೆ. ಕಾವಲುಗಾರನನ್ನು ನಾನು ಹೊರಗೆ ಹಾಕಿಸಿದೆ. ಅವನು ಬರೆದದ್ದು ಹಾಗೇ ಉಳಿಯಿತು. ಕಪ್ಪು ಕಿಟಕಿಯ ಸಾಲು ದೊಡ್ಡ ದಫ್ತರನ್ನು ಸರಿ ಮಾಡಿತು, ಅದಕ್ಕೇ ಸಕ್ಸೀಡೆಡ್ ಎಂದಿತು. ಆದರೆ ಓದುವಾಗ ಖಾಸಗಿಯದನ್ನೇ ಮೊದಲು ಓದುತ್ತದಂತೆ. ಪ್ರೋಗ್ರಾಮ್ ಹಾಕುವ ಇನ್ಸ್ಟಾಲರ್ ಇದನ್ನು ನೋಡಿ, ಇವನ ಹೆಸರು ಖಾಸಗಿಯಲ್ಲಿ ಯಾಕಿದೆ, ಯಾರೋ ಕದ್ದು ಒಳಗೆ ಬಿಟ್ಟಿರಬೇಕು ಎಂದು ಸಂಶಯಪಟ್ಟು ಕೆಲಸವನ್ನೇ ನಿಲ್ಲಿಸುತ್ತದೆ.

ಅದರ ಕೆಳಗೆ ನೀನು ಬರೆದಿದ್ದೀ: "ಈ ಇನ್ಸ್ಟಾಲರ್ ನಿಮ್ಮಂಗ ಐತಿ ಶೇಖಕ್ಕ. ಮನಿಯೊಳಗ ಇದ್ದಾಂವನ್ನೂ ನಂಬಂಗಿಲ್ಲ."

ಮಾಂತೇಶ ಅಲ್ಲಿ ನಕ್ಕ. ನಾನು ನಗಲಿಲ್ಲ.

ನೀನು ಹೇಳಿದ ಜಾಗ ಹುಡುಕಲು ಹೊತ್ತು ಹಿಡಿಯಿತು. ಅದು ಹೆಸರಲ್ಲ, ಬರೀ ಅಂಕಿ, ಅಕ್ಷರಗಳ ಸರಪಳಿ. ನೀನು ಬರೆದಿದ್ದನ್ನು ನಾನು ಚೌಕದ ಕಾಗದಕ್ಕೆ ಇಳಿಸಿ, ಒಂದೊಂದನ್ನೇ ಕೂಗಿದೆ, ಮಾಂತೇಶ ತೆರೆಯ ಮೇಲೆ ತಾಳೆ ನೋಡಿದ. ಎಳೆ ಎಣಿಸಿದ ಹಾಗೇ. ತೆಗೆಯುವ ಮೊದಲು ಅದರ ನಕಲು ಇಟ್ಟುಕೊಳ್ಳಲು ನೀನು ಹೇಳಿದ್ದೆ, ಇಟ್ಟುಕೊಂಡೆವು. ಆಮೇಲೆ ಖಾಸಗಿ ದಫ್ತರಿನಲ್ಲಿದ್ದ ಅದೊಂದನ್ನು ಮಾತ್ರ ತೆಗೆದ.

ಮತ್ತೆ ಪ್ರೋಗ್ರಾಮ್ ಹಾಕಿದ. ಹಸಿರು ಪಟ್ಟಿ ಅರ್ಧಕ್ಕೆ ಬಂತು. ನಾನು ಕಣ್ಣು ಮುಚ್ಚಿದೆ. "ಹೋತ್ರಿ" ಎಂದ ಮಾಂತೇಶ. "ಎಲ್ಲಿ ಹೋತು?" ಎಂದು ಒದರಿದೆ. "ಮುಂದಕ್ಕ ಹೋತ್ರಿ" ಎಂದ.

ಒಂದು ಕೇಳುತ್ತೇನೆ. ಇಷ್ಟೆಲ್ಲ ಗೊತ್ತಿದ್ದರೂ ಮೊದಲ ಪತ್ರದಲ್ಲಿಯೇ ಯಾಕೆ ಹೇಳಲಿಲ್ಲ? ನಾನೇ ತೆಗೆಸಿದ್ದು ಎಂದು ನನ್ನ ಕೈಯಿಂದಲೇ ಬರೆಸಬೇಕಿತ್ತೇ?

ಹಾಲೇಶಪ್ಪನ ಬಸ್ಸು ಬಂತು. ಡಿಸೈನುಗಳನ್ನು ಇನ್ನೂ ತೆರೆದು ನೋಡಿಲ್ಲ. ಮಾಂತೇಶ ಹೋದ ಮೇಲೆ ನೋಡುತ್ತೇನೆ.

ಶೇಖವ್ವ


ಬ್ಯಾಡಗಿ
೪ ಏಪ್ರಿಲ್

ಸಾಜಿಯಾ,

ನಿಮ್ಮ ಹಬ್ಬ, ನಮ್ಮ ಯುಗಾದಿ ಎರಡೂ ಬೆನ್ನಿಗೆ ಬೆನ್ನು ಬಂದು ಹೋದವು. ನಿನ್ನಿಂದ ಒಂದು ಸಾಲು ಬರಲಿಲ್ಲ. ನಾನು ಕೇಳಿದ್ದಕ್ಕೆ ಉತ್ತರ ಇಲ್ಲದಿದ್ದರೆ ಬೇಡ. ಈಗ ಬೇರೆ ಕೇಳಬೇಕಾಗಿದೆ.

ನಲವತ್ತೂ ಇವೆ. ಒಂದೊಂದನ್ನೇ ತೆರೆದು ನೋಡಿದೆ. ಒಂದು ಎಳೆಯೂ ಆಚೀಚೆ ಆಗಿಲ್ಲ. ನೀನು ಒಯ್ದಿದ್ದೀ ಎಂದುಕೊಂಡಿದ್ದೆ, ಅದನ್ನು ಇಲ್ಲಿ ಬರೆಯುವುದಿಲ್ಲ ಎಂದುಕೊಂಡಿದ್ದೆ, ಬರೆದಾಯಿತು. ಆನೆ ಹದಿನಾಲ್ಕನೆಯದು. ಅದೂ ಇದೆ.

ಆಮೇಲೆ ನಲವತ್ತೊಂದನ್ನು ತೆರೆದೆ. ಬಾಗಿಲು ಹಾಕಿಕೊಂಡು ತೆರೆದೆ. ಏನು ಹಾರಿ ಮೈಮೇಲೆ ಬರುತ್ತದೋ ಎಂದು.

ಅದೂ ಆನೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ. ಮಗುಚಿ ನೋಡಲು ಅದು ಬಟ್ಟೆಯಲ್ಲ, ತೆರೆ. ಆದರೂ ಒಮ್ಮೆ ಕೈ ಹಿಂದಕ್ಕೆ ಹೋಯಿತು. ತೆರೆಯ ಮೇಲೆ ದೊಡ್ಡದು ಮಾಡಿ ಬಹಳ ಹೊತ್ತು ಎಣಿಸಿದೆ. ನಲವತ್ತೊಂದರ ಆನೆಗೆ ಒಂದು ಹಿಂಗಾಲು ಒಂದು ಹೊಲಿಗೆ ಕಡಿಮೆ.

ನೆನಪಾಯಿತು. ನೀನು ಬಂದ ಮೊದಲ ವರ್ಷ. ಅವ್ವನ ಬಟ್ಟೆಯನ್ನು ಇನ್ನೂ ಗೆದ್ದಲು ತಿಂದಿರಲಿಲ್ಲ. ಆನೆಯನ್ನು ಕಂಪ್ಯೂಟರಿಗೆ ಹಾಕುವಾಗ, ಅವ್ವ ಇಲ್ಲಿ ಎಣಿಕೆ ತಪ್ಪಿದ್ದಾಳೆ, ಆನೆ ಕುಂಟುತ್ತದೆ, ಕಾಲು ಸರಿ ಮಾಡು ಎಂದೆ. ನೀನು ಬಟ್ಟೆಯನ್ನು ದೂರ ಹಿಡಿದು ನೋಡಿ ಅಂದಿ: "ಇದು ಕುಂಟಾಕತ್ತಿಲ್ರೀ ಶೇಖಕ್ಕ. ಕಾಲು ಎತ್ತೈತಿ. ಹೊಂಟೈತಿ ಇದು."

ನಾನಂದೆ, "ನಮ್ಮವ್ವಂದು ನನಗ ಕಲಸಾಕ ಬರಬ್ಯಾಡ. ಹೇಳಿದಷ್ಟು ಮಾಡು."

ಹೇಳಿದಷ್ಟು ಮಾಡಿದೆ ನೀನು. ಹೇಳದ್ದನ್ನೂ ಮಾಡಿಟ್ಟೆ. ಇಷ್ಟು ವರ್ಷ ನಾನು ಮಾರಿದ ಸೆರಗುಗಳಲ್ಲೆಲ್ಲ ಆನೆ ನಾಲ್ಕೂ ಕಾಲು ಊರಿ ನಿಂತುಬಿಟ್ಟಿದೆ. ಅವ್ವನದು ಪೆಟ್ಟಿಗೆಯೊಳಗೆ ನಡೆಯುತ್ತಿತ್ತು.

ಕಾಶೀಬಾಯಿ ಮೊನ್ನೆ ಬಂದಾಗ ಏನೂ ಹೇಳದೆ ಎರಡನ್ನೂ ತೋರಿಸಿದೆ. ಮುದುಕಿ ಕನ್ನಡಕ ಏರಿಸಿ, ಯಾವುದು ಯಾವುದೆಂದು ನಾನು ಹೇಳುವ ಮೊದಲೇ ನಲವತ್ತೊಂದರ ಮೇಲೆ ಬೆರಳಿಟ್ಟರು. "ಇದಽ ನೋಡವಾ. ಎಲ್ಲಿ ಮುಚ್ಚಿಟ್ಟಿದ್ದಿ ಇದನ್ನ?"

ನಾನು ಮುಚ್ಚಿಟ್ಟಿರಲಿಲ್ಲ. ನೀನು ಮುಚ್ಚಿಟ್ಟಿದ್ದೆ. ಯಾರಿಗಾಗಿ? ನಾನು ಕೇಳುತ್ತೇನೆಂದೋ, ಕೇಳುವುದಿಲ್ಲವೆಂದೋ? ಹೋಗುವಾಗ ಒಯ್ಯದೆ ಯಾಕೆ ಬಿಟ್ಟು ಹೋದೆ? ಎಷ್ಟು ತಿರುಗಿಸಿ ನೋಡಿದರೂ ನನಗೆ ಇದರ ಹಿಂಬದಿ ಸಿಗುತ್ತಿಲ್ಲ. ಮಾಂತೇಶನಿಗೆ ಹೇಳಿ ಒಗೆಸಿಬಿಟ್ಟಿದ್ದರೆ ಏನಾಗುತ್ತಿತ್ತು? ಅದನ್ನು ಮುಟ್ಟಬೇಡಿ ಎಂದು ಒಂದು ಮಾತು ಬರೆಯಬಾರದಿತ್ತೇ? ಬರೆದಿದ್ದರೆ ನಾನು ನಂಬುತ್ತಿರಲಿಲ್ಲ, ಅದೂ ಖರೆ.

ಹೊಸ ಮಷಿನ್ನನ್ನು ಮಾಂತೇಶ ಹಳೆಯ ಬಟ್ಟೆಯ ಮೇಲೆ ಓಡಿಸಿ ತೋರಿಸಿದ. ಸೂಜಿ ಮುರಿಯಿತು, ಹಿಂದೆಲ್ಲ ಗಂಟು. ಅವನ ಕೈಗೆ ಇಳಕಲ್ ಸೀರೆ ಕೊಡುವುದಿಲ್ಲ. ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ. ಕಾಶೀಬಾಯಿಯ ಸೀರೆ ಇಲ್ಲಿ ಮಡಿಸಿಟ್ಟಿದೆ, ಮೇಲೆ ಬಿಳಿ ಬಟ್ಟೆ ಹೊದಿಸಿದ್ದೇನೆ.

ಕ್ಯಾಮೆರಾವನ್ನು ಬಾಗಿಲ ಕಡೆ ತಿರುಗಿಸಿದ್ದೇನೆ. ಬಿಸಿಲು ಬಿದ್ದು ಏನೂ ಕಾಣುವುದಿಲ್ಲ. ಕಾಣದಿದ್ದರೆ ಬೇಡ.

ಕುರ್ಚಿ ಇದ್ದಲ್ಲೇ ಇದೆ.

ನಲವತ್ತೊಂದನ್ನು ಸೆರಗಿಗೆ ಹಾಕಲು ನೀನು ಬರುತ್ತೀಯೋ ಇಲ್ಲವೋ, ಅಷ್ಟು ಹೇಳು. "ಬಂದಾಗ ನೋಡ್ರಿ" ಎಂದೆಲ್ಲ ಬರೆಯಬೇಡ. ಬರುತ್ತೇನೆ ಅಥವಾ ಬರುವುದಿಲ್ಲ. ಹತ್ತನೆಯ ತಾರೀಖಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಶೇಖವ್ವ